ಗ್ಲಾಕೋಮಾ ಫೈಲಿನಲ್ಲಿ ಏನಿರಬೇಕು: ಪ್ರೆಷರ್ ಚೀಟಿಯಿಂದ ಓಸಿಟಿವರೆಗೆ

ಕಣ್ಣಿಗೆ ಗಾಳಿ ಊದಿ ಪ್ರೆಷರ್ ಅಳೆಯುವ ಯಂತ್ರದಿಂದ ಒಂದು ಪುಟ್ಟ ಚೀಟಿ ಬರುತ್ತದೆ. ಬಸ್ ಟಿಕೆಟ್ಟಿನ ಥರದ್ದೇ ಥರ್ಮಲ್ ಕಾಗದ. ಅದನ್ನು ಫೈಲಿಗೆ ಪಿನ್ ಹೊಡೆದು ಬೀರುವಿನ ಮೇಲಿಟ್ಟರೆ, ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಷರ ಮಾಸಿ ಬರೀ ಬಿಳಿ ಕಾಗದ ಉಳಿಯುತ್ತದೆ. ಔಷಧ ಶುರುವಾಗುವ ಮುಂಚೆ ಆ ಕಣ್ಣಿನ ಪ್ರೆಷರ್ ಎಷ್ಟಿತ್ತು ಅನ್ನುವುದು ಆ ಚೀಟಿಯಲ್ಲಿ ಮಾತ್ರ ಇದ್ದಿದ್ದರೆ, ಆ ಸಂಖ್ಯೆ ಕೈಬಿಟ್ಟ ಹಾಗೆಯೇ. ಮತ್ತೆ ತಿಳಿಯಬೇಕೆಂದರೆ ಡ್ರಾಪ್ಸ್ ನಿಲ್ಲಿಸಿ ನಾಲ್ಕಾರು ವಾರ ಕಾದು ಅಳೆಯಬೇಕು. ನರ ಆಗಲೇ ಸೊರಗಿರುವ ಕಣ್ಣಿಗೆ ಹಾಗೆ ಮಾಡಲು ಯಾವ ಡಾಕ್ಟರಿಗೂ ಧೈರ್ಯ ಬರುವುದಿಲ್ಲ.

ಆದ್ದರಿಂದ ಮೊದಲ ತಂತ್ರಜ್ಞಾನ ನಿಮ್ಮ ಜೇಬಿನಲ್ಲೇ ಇದೆ. ಚೀಟಿ ಕೈಗೆ ಬಂದ ಕೂಡಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ.

ಗ್ಲಾಕೋಮಾ ಎಂದರೆ ಕಣ್ಣಿನಿಂದ ಮೆದುಳಿಗೆ ಹೋಗುವ ನರದ ಎಳೆಗಳು ಒಂದೊಂದಾಗಿ ಸಾಯುವ ಕಾಯಿಲೆ. ಸತ್ತ ಎಳೆ ಮರಳುವುದಿಲ್ಲ. ಹೆಚ್ಚಿನವರಲ್ಲಿ ನೋವಿಲ್ಲ, ಕೆಂಪಿಲ್ಲ, ಓದುವ ಅಕ್ಷರವೂ ಕೊನೆಯ ಹಂತದವರೆಗೆ ಸರಿಯಾಗಿಯೇ ಕಾಣುತ್ತದೆ. ಸುತ್ತಲ ನೋಟ ಮಾತ್ರ ಸದ್ದಿಲ್ಲದೆ ಕಿರಿದಾಗುತ್ತ ಬರುತ್ತದೆ. ಭಾರತದಲ್ಲಿ 40 ದಾಟಿದವರಲ್ಲಿ ಸುಮಾರು 1.12 ಕೋಟಿ ಮಂದಿಗೆ ಇದಿದೆ ಎಂಬುದು 2010ರ ಹೊತ್ತಿನ ಅಂದಾಜು. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಸಿಕ್ಕ ರೋಗಿಗಳ ಪೈಕಿ ಹತ್ತರಲ್ಲಿ ಒಂಬತ್ತು ಜನರಿಗೆ ತಮಗೆ ಈ ಕಾಯಿಲೆ ಇರುವುದೇ ಗೊತ್ತಿರಲಿಲ್ಲ.

ಇದರಲ್ಲಿ ಚಿಕಿತ್ಸೆಯ ಪ್ರತಿ ತೀರ್ಮಾನವೂ ನಿಂತಿರುವುದು ಹೋಲಿಕೆಯ ಮೇಲೆ. ಹೋದ ವರ್ಷ ಹೇಗಿತ್ತು, ಈ ವರ್ಷ ಹೇಗಿದೆ, ಆ ವ್ಯತ್ಯಾಸ ನಿಜವೋ ಯಂತ್ರದ ಚಪಲವೋ? ಲಕ್ಷಗಟ್ಟಲೆ ಬೆಲೆಯ ಸ್ಕ್ಯಾನರ್ ಇದ್ದೂ ಹಳೆಯ ರಿಪೋರ್ಟ್ ಇಲ್ಲದಿದ್ದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಹೊಸ ಯಂತ್ರ ಬಂತೆಂದು ಬೀಗುವ ಆಸ್ಪತ್ರೆಗಳು ಹಳೆಯ ಯಂತ್ರದಲ್ಲಿದ್ದ ದಾಖಲೆಗಳನ್ನು ಏನು ಮಾಡಿದವು ಅಂತ ಒಮ್ಮೆ ಕೇಳಿ ನೋಡಬೇಕು.

ಪ್ರೆಷರ್: ಸಂಖ್ಯೆಯ ಪಕ್ಕದಲ್ಲಿ ಗಂಟೆಯೂ ಇರಲಿ

ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದವರೆಗೆ ಸಹಜ ಎನ್ನುತ್ತಾರೆ. 15 ಇದ್ದೂ ನರ ಹಾಳಾಗುವವರಿದ್ದಾರೆ, 25 ಇದ್ದೂ ಏನೂ ಆಗದವರಿದ್ದಾರೆ. ಹಾಗಾಗಿ 21 ಎನ್ನುವುದು ಲಕ್ಷ್ಮಣರೇಖೆಯಲ್ಲ. ಪ್ರತಿ ಕಣ್ಣಿಗೂ ಅದರ ಹಳೆಯ ಸಂಖ್ಯೆ ಮತ್ತು ನರದ ಸ್ಥಿತಿ ನೋಡಿ ಡಾಕ್ಟರು ಒಂದು ಗುರಿ ಇಡುತ್ತಾರೆ. ಆ ಗುರಿಯನ್ನು ಫೈಲಿನ ಮೊದಲ ಪುಟದಲ್ಲೇ ಬರೆಸಿಕೊಳ್ಳಿ.

ಅಳೆಯಲು ಇಂದಿಗೂ ನೆಚ್ಚುವುದು ಗೋಲ್ಡ್‌ಮನ್ ಟೋನೋಮೀಟರನ್ನೇ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಫ್ಲೋರೆಸೀನ್ ಹಳದಿ ಬಣ್ಣ ತಾಗಿಸಿ, ನೀಲಿ ಬೆಳಕಿನಲ್ಲಿ ಒಂದು ಪುಟ್ಟ ಪ್ರಿಸಮ್ಮನ್ನು ಕಾರ್ನಿಯಾಗೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಮುಟ್ಟಿಸುತ್ತಾರೆ. ನೋಡುವವರಿಗೆ ಎರಡು ಹಸಿರು ಅರ್ಧವೃತ್ತ ಕಾಣುತ್ತವೆ. ಡಯಲ್ ತಿರುಗಿಸುತ್ತ ಹೋದಾಗ ಎರಡರ ಒಳಅಂಚು ಸರಿಯಾಗಿ ಕೂಡಿಕೊಂಡ ಕ್ಷಣ, ಡಯಲ್ ಮೇಲಿನ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಅದೇ ಪ್ರೆಷರ್. ಚಪ್ಪಟೆಯಾಗುವ ಜಾಗದ ಅಗಲ 3.06 ಮಿ.ಮೀ. ಆ ಅಳತೆಯಲ್ಲಿ ಕಾರ್ನಿಯಾದ ಬಿರುಸು ಮತ್ತು ಕಣ್ಣೀರಿನ ಎಳೆತ ಒಂದನ್ನೊಂದು ಹೊಡೆದುಹಾಕುತ್ತವೆ, 1 ಗ್ರಾಂ ಭಾರ ಸರಿಯಾಗಿ 10 ಮಿ.ಮೀ. ಆಗುತ್ತದೆ.

ತಪ್ಪುವುದೂ ಇಲ್ಲೇ. ಬಣ್ಣ ಜಾಸ್ತಿಯಾದರೆ ಅರ್ಧವೃತ್ತ ದಪ್ಪಗೆ ಊದಿಕೊಂಡು ರೀಡಿಂಗ್ ಮೇಲೇರುತ್ತದೆ. ಕಡಿಮೆಯಾದರೆ ಸಪೂರವಾಗಿ ರೀಡಿಂಗ್ ಇಳಿಯುತ್ತದೆ. ಪೇಶಂಟು ಉಸಿರು ಬಿಗಿಹಿಡಿದರೆ, ರೆಪ್ಪೆ ಹಿಂಡಿದರೆ, ಕತ್ತಿನ ಗುಂಡಿ ಬಿಗಿಯಾಗಿದ್ದರೆ, ದಪ್ಪ ಹೊಟ್ಟೆಯವರು ಗಲ್ಲ ಇಡಲು ಮುಂದಕ್ಕೆ ಬಾಗಿ ತಿಣುಕುತ್ತಿದ್ದರೆ ಎರಡು ಮೂರು ಮಿ.ಮೀ. ಸುಮ್ಮನೆ ಸೇರಿಕೊಳ್ಳುತ್ತದೆ. ರೆಪ್ಪೆ ಎತ್ತುವ ಬೆರಳು ಕಣ್ಣುಗುಡ್ಡೆಯನ್ನು ಒತ್ತಿದರಂತೂ ಸರಿಯೇ ಸರಿ. ಬೆರಳು ಹುಬ್ಬಿನ ಕೆಳಗಿನ ಮೂಳೆಯ ಮೇಲೆ ಕೂರಬೇಕು. ಯಂತ್ರವನ್ನೂ ನಿಯಮಿತವಾಗಿ ಪರೀಕ್ಷಿಸಬೇಕು. ಜೊತೆಗೆ ಬರುವ ಕಂಬಿ ಹಾಕಿ 0, 20, 60 ಈ ಮೂರು ಜಾಗದಲ್ಲಿ ನೋಡಿದರೆ ಐದೇ ನಿಮಿಷದ ಕೆಲಸ. ಆ ಕಂಬಿ ಎಷ್ಟೋ ಕ್ಲಿನಿಕ್‌ಗಳಲ್ಲಿ ಡ್ರಾಯರಿನ ಮೂಲೆಯಲ್ಲಿ ಪ್ಲಾಸ್ಟಿಕ್ಕೂ ಬಿಚ್ಚದೆ ಬಿದ್ದಿರುತ್ತದೆ.

ಕಾರ್ನಿಯಾದ ದಪ್ಪವನ್ನು ಒಮ್ಮೆ ಪ್ಯಾಕಿಮೀಟರಿನಲ್ಲಿ ಅಳೆದು ಬರೆದಿಟ್ಟರೆ ಸಾಕು, ಪ್ರತಿ ಸಲ ಬೇಡ. ಗೋಲ್ಡ್‌ಮನ್ ಲೆಕ್ಕ ಹಾಕಿದ್ದು ಸುಮಾರು 520 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇಟ್ಟುಕೊಂಡು. ತೆಳು ಕಾರ್ನಿಯಾದಲ್ಲಿ ಯಂತ್ರ ಕಡಿಮೆ ತೋರಿಸುತ್ತದೆ, ದಪ್ಪದಲ್ಲಿ ಹೆಚ್ಚು. ಇಷ್ಟು ಮೈಕ್ರಾನಿಗೆ ಇಷ್ಟು ಕೂಡಿಸಿ ಎನ್ನುವ ಕೋಷ್ಟಕಗಳು ಬೇಕಾದಷ್ಟಿವೆ. ಒಂದೊಂದು ಕಣ್ಣಿನ ಮಟ್ಟಿಗೆ ಅವು ನೆಚ್ಚುವಂಥವಲ್ಲ. ತೆಳು, ಸಾಧಾರಣ, ದಪ್ಪ ಎಂದು ಗುರುತಿಟ್ಟುಕೊಳ್ಳುವುದೇ ಲೇಸು. ಕನ್ನಡಕ ಬಿಡಿಸುವ ಲೇಸಿಕ್ ಲೇಸರ್ ಮಾಡಿಸಿಕೊಂಡವರಲ್ಲಿ ಕಾರ್ನಿಯಾ ತೆಳುವಾಗಿ 22 ಇರುವ ಪ್ರೆಷರ್ 16 ಎಂದು ಕಾಣಿಸಿಕೊಂಡು ತಪ್ಪಿಸಿಕೊಳ್ಳಬಹುದು. ಕನ್ನಡಕ ಬಿಟ್ಟು ಹದಿನೈದು ವರ್ಷವಾದ ಮೇಲೆ ಲೇಸಿಕ್ ಆಗಿದೆ ಎಂದು ಹೇಳಲು ನೆನಪಾಗುವುದೇ ಇಲ್ಲ, ಕೇಳುವವರೇ ಕೇಳಬೇಕು.

ಇನ್ನು ಗಂಟೆ. ಕಣ್ಣಿನ ಪ್ರೆಷರ್ ದಿನವಿಡೀ ಏರಿಳಿಯುತ್ತದೆ, ಮಲಗಿದಾಗ ಏರುತ್ತದೆ. ಅನೇಕರಲ್ಲಿ ಅದು ತುದಿ ಮುಟ್ಟುವುದು ರಾತ್ರಿ ಅಥವಾ ನಸುಕಿನಲ್ಲಿ, ಓಪಿಡಿ ಬಾಗಿಲು ತೆರೆಯುವ ಮೊದಲೇ. ಪ್ರತಿ ಸಲ ಬೆಳಿಗ್ಗೆ 11ಕ್ಕೆ ಅಳೆದು 14 ಎಂದು ಬರೆದುಕೊಂಡವರ ನರ ಯಾಕೆ ಕೆಡುತ್ತಿದೆ ಎಂಬ ಒಗಟಿಗೆ ಉತ್ತರ ಹಲವು ಸಲ ಇದೇ. ಮನೆಯಲ್ಲೇ ಅಳೆಯುವ ಐಕೇರ್ ಹೋಮ್ ಥರದ ರಿಬೌಂಡ್ ಟೋನೋಮೀಟರ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅಮೆರಿಕದಲ್ಲಿ ಅದಕ್ಕೆ 2017ರಲ್ಲಿ ಅನುಮತಿ ಸಿಕ್ಕಿತು. ತುದಿಯಲ್ಲಿ ಪುಟ್ಟ ಗುಂಡಿರುವ ಹಗುರ ಕಡ್ಡಿಯೊಂದು ಕಾರ್ನಿಯಾವನ್ನು ಮುಟ್ಟಿ ಹಿಂದಕ್ಕೆ ಪುಟಿಯುತ್ತದೆ. ಪುಟಿಯುವ ವೇಗದಿಂದ ಪ್ರೆಷರ್ ಲೆಕ್ಕ. ಮರಗಟ್ಟಿಸುವ ಹನಿ ಬೇಡ, ಆರು ಸಲ ಮುಟ್ಟಿದರೆ ಒಂದು ರೀಡಿಂಗ್. ದುಬಾರಿಯಾದ್ದರಿಂದ ಕೊಳ್ಳುವುದಕ್ಕಿಂತ ಕ್ಲಿನಿಕ್ಕಿನವರೇ ಒಂದು ವಾರಕ್ಕೆ ಕೊಟ್ಟು ಕಳಿಸುವುದು ಜಾಣತನ.

ಆ ವಾರದಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಅಳೆಯಬೇಕು. ಎದ್ದ ತಕ್ಷಣದ್ದು ಎಲ್ಲಕ್ಕಿಂತ ಮುಖ್ಯ, ಹಲ್ಲುಜ್ಜಿ ಕಾಫಿ ಕುಡಿದ ಮೇಲಲ್ಲ. ಕೊಡುವ ಮುಂಚೆ ಕ್ಲಿನಿಕ್ಕಿನಲ್ಲೇ ಗೋಲ್ಡ್‌ಮನ್ ರೀಡಿಂಗ್ ಜೊತೆ ಒಮ್ಮೆ ತಾಳೆ ನೋಡಬೇಕು. ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ವ್ಯಕ್ತಿಗೆ ಅದು ಒಗ್ಗುವುದಿಲ್ಲ. ಕೈ ನಡುಗುವವರಿಗೆ, ಎರಡೂ ಕಣ್ಣಿನ ನೋಟ ತೀರ ಕುಂದಿದವರಿಗೆ ಮನೆಯವರು ಹಿಡಿಯಬೇಕಾಗುತ್ತದೆ.

24 ಗಂಟೆ ಕಣ್ಣಲ್ಲೇ ಇರುವ ಟ್ರಿಗರ್‌ಫಿಶ್ ಕಾಂಟ್ಯಾಕ್ಟ್ ಲೆನ್ಸ್ ಕೂಡ ಇದೆ. ಐದೈದು ನಿಮಿಷಕ್ಕೊಮ್ಮೆ 30 ಸೆಕೆಂಡ್ ದಾಖಲಿಸುತ್ತದೆ. ಆದರೆ ಅದು ಕೊಡುವುದು ಏರಿಳಿತದ ಆಕಾರವನ್ನು ಮಾತ್ರ, ಮಿ.ಮೀ. ಲೆಕ್ಕವನ್ನಲ್ಲ. ದಿನನಿತ್ಯದ ಓಪಿಡಿಗಿಂತ ಸಂಶೋಧನೆಗೇ ಅದು ಹೆಚ್ಚು ಸರಿ. ಫೋನ್ ಕ್ಯಾಮೆರಾದಿಂದಲೇ ಕಣ್ಣಿನ ಪ್ರೆಷರ್ ಹೇಳುತ್ತೇವೆ ಎನ್ನುವ ಆಪ್ ಕಂಡರೆ ಇನ್‌ಸ್ಟಾಲ್ ಮಾಡುವ ಗೋಜಿಗೆ ಹೋಗಬೇಡಿ. ಬಿಪಿ ನಾರ್ಮಲ್ ಇದೆ, ಹಾಗಾಗಿ ಕಣ್ಣಿನ ಪ್ರೆಷರೂ ನಾರ್ಮಲ್ ಎನ್ನುವುದೂ ಅದೇ ಜಾತಿಯ ಮಾತು. ಶೀರ್ಷಾಸನ ಹಾಕುವವರಿಗೆ ಒಂದು ಮಾತು: ತಲೆಕೆಳಗಾಗಿರುವಷ್ಟು ಹೊತ್ತು ಪ್ರೆಷರ್ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಯೋಗ ಬಿಡಬೇಕಿಲ್ಲ, ಆ ಆಸನ ಬಿಟ್ಟರಾಯಿತು.

ಗುಂಡಿ ಒತ್ತುವ ಪರೀಕ್ಷೆ

ಸುತ್ತಲ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಎಂದರೆ ಪೇಶಂಟುಗಳಿಗೂ ಸಿಟ್ಟು, ಮಾಡಿಸುವವರಿಗೂ ಬೇಸರ. ಆದರೆ ಮನುಷ್ಯನಿಗೆ ನಿಜವಾಗಿ ಏನು ಕಾಣುತ್ತಿದೆ ಎಂದು ಹೇಳುವುದು ಇದೊಂದೇ. ಕತ್ತಲೆ ಕೋಣೆ, ಒಂದು ಕಣ್ಣಿಗೆ ಪಟ್ಟಿ, ಬಟ್ಟಲಿನಂಥ ಬಿಳಿ ಗೋಡೆ, ನಡುವೆ ಹಳದಿ ದೀಪ. ಹಂಫ್ರಿ ಯಂತ್ರದ 24-2 ಪರೀಕ್ಷೆಯಲ್ಲಿ 6 ಡಿಗ್ರಿ ಅಂತರದ 54 ಜಾಗಗಳಲ್ಲಿ ಬೆಳಕಿನ ಚುಕ್ಕೆ ಮಿಂಚುತ್ತದೆ, ಒಂದೊಂದೂ ಸೆಕೆಂಡಿನ ಐದನೇ ಒಂದು ಪಾಲು. ಕಂಡರೆ ಗುಂಡಿ ಒತ್ತಬೇಕು.

ಯಂತ್ರ ಹುಡುಕುವುದು ಕಾಣುವ ಮತ್ತು ಕಾಣದ ನಡುವಿನ ಅಂಚನ್ನು. ಹಾಗಾಗಿ ಆರೋಗ್ಯವಂತರಿಗೂ ಸುಮಾರು ಅರ್ಧದಷ್ಟು ಚುಕ್ಕೆ ಕಾಣುವುದೇ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ ಏನಾಗುತ್ತದೆ? ಸ್ವಲ್ಪ ಹೊತ್ತು ಏನೂ ಕಾಣದೇ ಇದ್ದಾಗ ಗಾಬರಿಯಾಗಿ, ಕಣ್ಣು ಅತ್ತಿತ್ತ ಓಡಿಸಿ ಚುಕ್ಕೆ ಹುಡುಕಲು ಶುರು ಮಾಡುತ್ತಾರೆ, ಇಲ್ಲವೇ ಅಂದಾಜಿನ ಮೇಲೆ ಟಕಟಕ ಒತ್ತುತ್ತಾರೆ. ಎರಡರಲ್ಲೂ ರಿಪೋರ್ಟ್ ಕಸದ ಬುಟ್ಟಿಗೆ. ಹೇಳಬೇಕಾದದ್ದು ಇಷ್ಟೇ: "ಅಮ್ಮಾ, ಈ ಹಳದಿ ದೀಪಾನೇ ನೋಡ್ತಾ ಇರಿ, ಕಣ್ಣು ಕದಲಿಸಬೇಡಿ. ಪಕ್ಕದಲ್ಲೆಲ್ಲೋ ಬೆಳಕು ಮಿಂಚಿದ ಹಾಗೆ ಅನ್ನಿಸಿದ್ರೆ ಒಂದು ಸಲ ಒತ್ತಿ. ಅರ್ಧಕ್ಕರ್ಧ ಕಾಣೋದಿಲ್ಲ, ಎಲ್ಲರಿಗೂ ಹಾಗೇ. ಸುಸ್ತಾದ್ರೆ ಗುಂಡಿ ಒತ್ತಿಕೊಂಡೇ ಇರಿ, ಮಿಷನ್ ನಿಲ್ಲುತ್ತೆ. ಬಿಟ್ಟ ಮೇಲೆ ಮುಂದುವರಿಯುತ್ತೆ." ಗುಂಡಿ ಒತ್ತಿ ಹಿಡಿದರೆ ಪರೀಕ್ಷೆ ನಿಲ್ಲುತ್ತದೆ ಎಂಬ ಒಂದು ಸಂಗತಿ ಹೇಳಿದ್ದಕ್ಕೇ ಎಷ್ಟೋ ಜನರ ಫಲಿತಾಂಶ ಸುಧಾರಿಸುತ್ತದೆ.

ಕಾಗದ ಕೈಗೆ ಬಂದಾಗ ಬೂದು ಚಿತ್ರವನ್ನು (ಕಾಣದ ಜಾಗ ಕಪ್ಪಾಗಿ ತೋರುವ ನಕ್ಷೆ) ಆಮೇಲೆ ನೋಡಿ. ಮೊದಲು ಮೇಲಿನ ಎಡ ಮೂಲೆ. ಕಣ್ಣು ಕದಲಿಸಿದ್ದು 20 ಶೇಕಡ ದಾಟಿದೆಯೇ, ಸುಮ್ಮನೆ ಒತ್ತಿದ್ದು 15 ಶೇಕಡ ದಾಟಿದೆಯೇ? ಸುಮ್ಮನೆ ಒತ್ತುವುದೇ ಹೆಚ್ಚು ಅಪಾಯದ್ದು, ಏಕೆಂದರೆ ಅದು ಕೆಟ್ಟ ಕಣ್ಣನ್ನು ಒಳ್ಳೆಯದೆಂದು ತೋರಿಸುತ್ತದೆ. ಬೂದು ಚಿತ್ರದಲ್ಲಿ ಸುಣ್ಣ ಬಳಿದಂಥ ಬಿಳಿ ತೇಪೆಗಳಿದ್ದರೆ ಅದೇ. ಅಂಚಿನ ಸುತ್ತ ಬಳೆಯಂತೆ ಕಪ್ಪಿದ್ದರೆ ಲೆನ್ಸಿನ ಚೌಕಟ್ಟು ಅಡ್ಡ ಬಂದಿದೆ, ಕಣ್ಣಿಗೆ ಇನ್ನಷ್ಟು ಹತ್ತಿರ ತರಬೇಕು. ಮೇಲ್ಭಾಗ ಮಾತ್ರ ಕಪ್ಪಾಗಿದ್ದರೆ ಜೋತುಬಿದ್ದ ರೆಪ್ಪೆ ಇರಬಹುದು, ಟೇಪ್ ಹಚ್ಚಿ ಎತ್ತಿ ಮತ್ತೆ ಮಾಡಬೇಕು. ನಾಲ್ಕು ಎಸಳಿನ ಹೂವಿನಂತೆ ನಡುವೆ ಬಿಳುಪು ಉಳಿದು ಸುತ್ತ ಕಪ್ಪಾಗಿದ್ದರೆ ಅರ್ಧದಲ್ಲಿ ಸುಸ್ತಾಗಿ ಒತ್ತುವುದು ಬಿಟ್ಟಿದ್ದಾರೆ. ಮೊದಲ ಪರೀಕ್ಷೆ ಹೇಗಿದ್ದರೂ ಕಲಿಕೆಯ ಪರೀಕ್ಷೆ. ಒಂದೆರಡು ತಿಂಗಳೊಳಗೆ ಮತ್ತೆ ಮಾಡಿಸಿ, ನಂಬಿಕೆಗೆ ತಕ್ಕ ಎರಡನ್ನು ಬುನಾದಿಯಾಗಿ ಇಟ್ಟುಕೊಳ್ಳಬೇಕು.

ಬುನಾದಿ ಗಟ್ಟಿಯಾಗಿದ್ದರೆ ಯಂತ್ರದ ಜಿಪಿಎ ತಂತ್ರಾಂಶ ಒಳ್ಳೆಯ ಕೆಲಸ ಮಾಡುತ್ತದೆ. ಹೊಸ ಪರೀಕ್ಷೆಯ ಪ್ರತಿ ಬಿಂದುವನ್ನೂ ಆ ಎರಡರ ಸರಾಸರಿಗೆ ಹೋಲಿಸಿ ತ್ರಿಕೋನ ಹಾಕುತ್ತದೆ: ಒಂದು ಸಲ ಕೆಟ್ಟಿದ್ದರೆ ಖಾಲಿ, ಸತತ ಎರಡು ಸಲವಾದರೆ ಅರ್ಧ ತುಂಬಿದ್ದು, ಮೂರು ಸಲವಾದರೆ ಪೂರ್ತಿ ಕಪ್ಪು. ಅದೇ ಮೂರು ಅಥವಾ ಹೆಚ್ಚು ಬಿಂದುಗಳು ಸತತ ಮೂರು ಸಲ ಕೆಟ್ಟಿದ್ದರೆ ಕಾಯಿಲೆ ಮುಂದುವರಿಯುತ್ತಿರುವ ಸಂಭವ ಹೆಚ್ಚು. ಆಪರೇಷನ್ ಆದ ಮೇಲೆ ಅಥವಾ ಔಷಧ ಪೂರ್ತಿ ಬದಲಾದ ಮೇಲೆ ಬುನಾದಿಯನ್ನೂ ಬದಲಿಸಬೇಕು, ಇಲ್ಲದಿದ್ದರೆ ಹಳೆಯ ನಷ್ಟವನ್ನೇ ಯಂತ್ರ ಪದೇ ಪದೇ ಹೊಸತೆಂದು ಕೂಗುತ್ತಿರುತ್ತದೆ.

ಇಳಿಜಾರನ್ನು, ಅಂದರೆ ನೋಟ ವರ್ಷಕ್ಕೆ ಎಷ್ಟು ಡೆಸಿಬಲ್ (ಇಲ್ಲಿ ಮಂದ ಬೆಳಕು ಗುರುತಿಸುವ ಶಕ್ತಿಯ ಅಳತೆ) ಕುಂದುತ್ತಿದೆ ಎಂಬುದನ್ನು, ವಯಸ್ಸಿನ ಜೊತೆ ಇಟ್ಟು ಓದಬೇಕು. 45ರ ಹರೆಯದವರಲ್ಲಿ ವರ್ಷಕ್ಕೆ 1 ಡೆಸಿಬಲ್ ಇಳಿಯುತ್ತಿದ್ದರೆ 20 ವರ್ಷದಲ್ಲಿ ಬದುಕೇ ಅಸ್ತವ್ಯಸ್ತ. 82ರ ಅಜ್ಜಿಯಲ್ಲಿ 0.3 ಇಳಿಯುತ್ತಿದ್ದರೆ ಆಪರೇಷನ್ನಿಗೆ ಎಳೆದಾಡುವುದು ಬೇಡ. ಇಳಿಜಾರು ಬೇಗ ಸಿಗಬೇಕೆಂದರೆ ಮೊದಲ 2 ವರ್ಷದಲ್ಲಿ 6 ಪರೀಕ್ಷೆ ಎಂದು 2008ರಲ್ಲಿ ಬಂದ ಶಿಫಾರಸು ಹೇಳುತ್ತದೆ. ನಮ್ಮಲ್ಲಿ ವರ್ಷಕ್ಕೊಂದು ಮಾಡಿಸುವುದೇ ಹೆಚ್ಚು. ಎರಡು ಮೂರು ನಿಮಿಷಕ್ಕೆ ಮುಗಿಯುವ ಸೀಟಾ ಫಾಸ್ಟರ್ ಎಂಬ ಪರೀಕ್ಷಾ ವಿಧಾನ ಬಂದ ಮೇಲೆ ಹೊತ್ತು ಸಾಲದು ಎಂಬ ನೆಪ ಅಷ್ಟಾಗಿ ನಿಲ್ಲುವುದಿಲ್ಲ. ನಟ್ಟನಡುವೆ ನಷ್ಟವಿರುವ ಗುಮಾನಿ ಇದ್ದರೆ 2 ಡಿಗ್ರಿ ಅಂತರದ 10-2 ಕೂಡ ಬೇಕು.

ಎಲ್ಲಕ್ಕಿಂತ ಹೆಚ್ಚು ಹಾಳುಮಾಡುವುದು ಹೆಸರು ಮತ್ತು ಹುಟ್ಟಿದ ದಿನ. ಲಕ್ಷ್ಮಮ್ಮನ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಎಕ್ಸ್ ಹಾಕಿ, ಇನ್ನೊಬ್ಬರು ಕೆ-ಎಸ್-ಎಚ್ ಹಾಕಿ ಬರೆದರೆ ಯಂತ್ರಕ್ಕೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು. ಆರು ಪರೀಕ್ಷೆ ಆಗಿದ್ದರೂ ಮೂರು ಮೂರು ಎರಡು ಕಡೆ ಹಂಚಿಹೋಗಿರುತ್ತವೆ. ಹುಟ್ಟಿದ ದಿನವೂ ಹಾಗೇ. ಹಿರಿಯರ ಆಧಾರಿನಲ್ಲಿ ಜನವರಿ 1 ಎಂದಿರುತ್ತದೆ, ಬಾಯಲ್ಲಿ ಬೇರೆ ವರ್ಷ ಹೇಳುತ್ತಾರೆ. ಯಂತ್ರ ಹೋಲಿಸುವುದೇ ಅದೇ ವಯಸ್ಸಿನವರ ಜೊತೆ, ಹಾಗಾಗಿ ಹತ್ತು ವರ್ಷದ ತಪ್ಪು ರಿಪೋರ್ಟಿನ ಬಣ್ಣವನ್ನೇ ಬದಲಿಸಬಲ್ಲದು. ಪರಿಹಾರ ಸರಳ. ಆಸ್ಪತ್ರೆಯ ಒಂದೇ ನಂಬರನ್ನು ಎಲ್ಲ ಯಂತ್ರಗಳಲ್ಲೂ ಗುರುತಾಗಿ ಹಾಕುವುದು, ಹೊಸ ಹೆಸರು ಸೇರಿಸುವ ಮುನ್ನ ಆ ನಂಬರಿನಿಂದ ಹುಡುಕುವುದು, ಇಬ್ಬರಾಗಿದ್ದರೆ ಸೇರಿಸುವುದು. ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಬ್ಯಾಕಪ್ ಕೂಡ. ಹಾರ್ಡ್ ಡಿಸ್ಕ್ ಕೈಕೊಟ್ಟ ದಿನ ಯಾರೂ ಮುನ್ಸೂಚನೆ ಕೊಡುವುದಿಲ್ಲ.

ತಲೆಗೆ ಕಟ್ಟಿಕೊಳ್ಳುವ ವಿಆರ್ ಪೆರಿಮೀಟರ್‌ಗಳು, ಅಂದರೆ ಫೀಲ್ಡ್ ಟೆಸ್ಟ್ ಮಾಡುವ ವಿಆರ್ ಕನ್ನಡಕಗಳು, ಈಗ ಬಂದಿವೆ. ಕತ್ತಲೆ ಕೋಣೆ ಬೇಡ, ಬೆನ್ನು ಬಾಗದವರು ಹಾಸಿಗೆಯಲ್ಲೇ ಮಾಡಬಹುದು, ಕ್ಯಾಂಪಿಗೂ ಒಯ್ಯಬಹುದು. ಯಾರಿಗೆ ಗಂಭೀರ ನಷ್ಟವಿದೆ ಎಂದು ಬೇಗ ಹೆಕ್ಕಲು ಇವು ಅನುಕೂಲ. ಆದರೆ ಹಂಫ್ರಿಯ ಸಂಖ್ಯೆಯ ಮುಂದೆ ಇದರ ಸಂಖ್ಯೆ ಇಟ್ಟು ಏರಿತು ಇಳಿಯಿತು ಎನ್ನುವಂತಿಲ್ಲ.

ಓಸಿಟಿಯ ಹಸಿರು, ಕೆಂಪು

ಬೆಳಕಿನಿಂದ ಕಣ್ಣಿನ ಪದರಗಳನ್ನು ಅಳೆಯುವ ಓಸಿಟಿ ಸ್ಕ್ಯಾನ್, ನರದ ತಲೆಯ (ನರ ಕಣ್ಣಿನಿಂದ ಹೊರಡುವ ಜಾಗ) ಸುತ್ತ ಸುಮಾರು 3.5 ಮಿ.ಮೀ. ಅಗಲದ ವೃತ್ತದಲ್ಲಿ ಎಳೆಗಳ ಪದರ ಎಷ್ಟು ದಪ್ಪವಿದೆ ಎಂದು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ. ಆರೋಗ್ಯವಂತರಲ್ಲಿ ಸರಾಸರಿ 90-100ರ ಆಸುಪಾಸು. ಹಸಿರು, ಹಳದಿ, ಕೆಂಪು ಬಣ್ಣಗಳು ಯಂತ್ರದೊಳಗಿನ ಆರೋಗ್ಯವಂತರ ಪಟ್ಟಿಯ ಜೊತೆಗಿನ ಹೋಲಿಕೆ. ಹಳದಿ ಎಂದರೆ ಇಷ್ಟು ತೆಳು ಪದರ ಆರೋಗ್ಯವಂತರಲ್ಲಿ ನೂರಕ್ಕೆ ಐವರಿಗೂ ಕಡಿಮೆ ಜನರಲ್ಲಿರುತ್ತದೆ, ಕೆಂಪು ಎಂದರೆ ನೂರಕ್ಕೆ ಒಬ್ಬರಿಗೂ ಕಡಿಮೆ. ಆ ನೂರರಲ್ಲಿ ಒಬ್ಬರು ಕಾಯಿಲೆಯಿಲ್ಲದ ನೀವೇ ಆಗಿರಬಹುದು.

ಹೆಚ್ಚು ಮೈನಸ್ ಪವರ್ ಇರುವವರಲ್ಲಿ ಎಳೆಗಳ ದಪ್ಪ ಕಟ್ಟುಗಳು ಕಿವಿಯ ಕಡೆಗೆ ಸರಿದಿರುತ್ತವೆ. ಯಂತ್ರ ಅವನ್ನು ಹಳೆಯ ಜಾಗದಲ್ಲೇ ಹುಡುಕಿ, ಸಿಗದೆ, ಕೆಂಪು ಬಳಿಯುತ್ತದೆ. ಇದಕ್ಕೆ ಡಾಕ್ಟರುಗಳೇ ಇಟ್ಟ ಹೆಸರು ರೆಡ್ ಡಿಸೀಸ್. ಇದರ ಅಣ್ಣ ಗ್ರೀನ್ ಡಿಸೀಸ್ ಇನ್ನೂ ಅಪಾಯದವನು: 110 ಇದ್ದವರು 92ಕ್ಕೆ ಇಳಿದರೂ ಕಾಗದ ಹಚ್ಚಹಸಿರಾಗಿಯೇ ಇರುತ್ತದೆ. ಬಣ್ಣಕ್ಕಿಂತ ಸಂಖ್ಯೆ ನೋಡಿ, ಸಂಖ್ಯೆಗಿಂತ ಹಿಂದಿನ ಸಂಖ್ಯೆ ನೋಡಿ. ಅದೇ ಯಂತ್ರದಲ್ಲಿ 5 ಮೈಕ್ರಾನಿಗಿಂತ ಹೆಚ್ಚು ಇಳಿದು, ಮತ್ತೊಮ್ಮೆ ಮಾಡಿದಾಗಲೂ ಹಾಗೇ ಇದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಂಪನಿ ಬದಲಾದರೆ 10 ಮೈಕ್ರಾನ್ ಆಚೀಚೆ ಆದರೂ ಅಚ್ಚರಿಯಿಲ್ಲ. ಊರು ಬದಲಿಸಿದರೆ ಹಿಂದೆ ಯಾವ ಯಂತ್ರದಲ್ಲಿ ಆಗಿತ್ತು ಎಂದು ತಿಳಿದು, ಸಾಧ್ಯವಾದರೆ ಅದೇ ಇರುವ ಕಡೆ ಮಾಡಿಸಿ.

ಸಿರಸ್ ಎಂಬ ಓಸಿಟಿ ಯಂತ್ರದಲ್ಲಿ ಸಿಗ್ನಲ್ 10ಕ್ಕೆ 6 ಆದರೂ ಇರಬೇಕು. ಪೊರೆ ಬಂದಿದ್ದರೆ, ಕಣ್ಣು ಒಣಗಿದ್ದರೆ ಸಿಗ್ನಲ್ ಬಿದ್ದು ಪದರ ತೆಳುವಾದಂತೆ ತೋರುತ್ತದೆ. ಸ್ಕ್ಯಾನಿಗೆ ಮುಂಚೆ ಒಂದು ಹನಿ ಕೃತಕ ಕಣ್ಣೀರು ಹಾಕಿ ನಾಲ್ಕು ಸಲ ರೆಪ್ಪೆ ಮಿಟುಕಿಸಿದರೆ ಎಷ್ಟೋ ಸರಿಹೋಗುತ್ತದೆ. ಕಾಯಿಲೆ ಬಲಿತ ಮೇಲೆ ಓಸಿಟಿ ಕುರುಡು. ಎಳೆಗಳೆಲ್ಲ ಸತ್ತರೂ ರಕ್ತನಾಳ ಮತ್ತು ಆಧಾರದ ಅಂಗಾಂಶ ಸೇರಿ 50-55 ಮೈಕ್ರಾನ್ ಉಳಿದೇ ಇರುತ್ತದೆ. ಅಲ್ಲಿಗೆ ತಲುಪಿದವರಿಗೆ ವರ್ಷ ವರ್ಷ ಸ್ಕ್ಯಾನ್ ಬರೆದು "ಸ್ಥಿರವಾಗಿದೆ" ಎನ್ನುವುದು ದುಡ್ಡು ದಂಡ, ಫೀಲ್ಡ್ ಟೆಸ್ಟೇ ಗತಿ.

ಫೋಟೋ ನೋಡಿ ಹೇಳುವ ಎಐ

ಈ ವಿಷಯದಲ್ಲಿ ಬೆಂಗಳೂರಿಗೆ ನಿಜವಾದ ಪಾಲಿದೆ. ಫೋರಸ್ ಹೆಲ್ತ್‌ನ 3ನೇತ್ರ ಕ್ಯಾಮೆರಾ, ರೆಮಿಡಿಯೋದ ಸ್ಮಾರ್ಟ್‌ಫೋನ್ ಫಂಡಸ್ (ಕಣ್ಣಿನ ಒಳ ಹಿಂಭಾಗದ ಫೋಟೋ ತೆಗೆಯುವ) ಕ್ಯಾಮೆರಾ ಎರಡೂ ಇಲ್ಲಿಯವೇ. ಫೋನಿನಲ್ಲೇ, ಇಂಟರ್ನೆಟ್ ಇಲ್ಲದೆ, ತೆಗೆದ ಫೋಟೋ ಓದಿ ಅನುಮಾನವಿದೆಯೇ ಇಲ್ಲವೇ ಹೇಳುವ ತಂತ್ರಾಂಶವೂ ಬಂದಿದೆ. ನೆಟ್‌ವರ್ಕ್ ಸಿಗದ ಹಳ್ಳಿಯ ಕ್ಯಾಂಪಿನಲ್ಲಿ ಇದು ದೊಡ್ಡ ಅನುಕೂಲ.

ಆದರೆ ಲೆಕ್ಕವೊಂದನ್ನು ಮಾಡಿ ನೋಡಿ. 40 ದಾಟಿದ 1000 ಜನರಲ್ಲಿ 30 ಮಂದಿಗೆ ಕಾಯಿಲೆ ಇದೆ ಎಂದುಕೊಳ್ಳೋಣ. ತಂತ್ರಾಂಶ ಇರುವವರಲ್ಲಿ 90 ಶೇಕಡ ಹಿಡಿಯುತ್ತದೆ, ಇಲ್ಲದವರಲ್ಲಿ 90 ಶೇಕಡವನ್ನು ಸರಿಯಾಗಿ ಬಿಡುತ್ತದೆ ಎನ್ನೋಣ. ಆಗ 27 ಮಂದಿ ನಿಜವಾಗಿ ಸಿಗುತ್ತಾರೆ, ಜೊತೆಗೆ 97 ಮಂದಿ ಸುಮ್ಮನೆ ಹೆದರಿಕೊಂಡು ಜಿಲ್ಲಾಸ್ಪತ್ರೆಗೆ ಬರುತ್ತಾರೆ. ಆ 124 ಜನರನ್ನು ನೋಡುವ ಡಾಕ್ಟರು, ಫೀಲ್ಡ್ ಯಂತ್ರ, ಬಸ್ ಖರ್ಚು ಇವುಗಳ ಏರ್ಪಾಡಿಲ್ಲದೆ ಕ್ಯಾಮೆರಾ ಮಾತ್ರ ಹಂಚಿದರೆ ಉಪಯೋಗ ಕಡಿಮೆ. ಸಕ್ಕರೆ ಕಾಯಿಲೆಯವರ ರೆಟಿನಾ ನೋಡಲು ಹೇಗೂ ಫೋಟೋ ತೆಗೆಯುತ್ತಾರೆ. ಅದೇ ಫೋಟೋದಲ್ಲಿ ನರವನ್ನೂ ಓದಿಸುವುದು, 40 ದಾಟಿದವರ ಮತ್ತು ಮನೆಯಲ್ಲಿ ಕಾಯಿಲೆ ಇರುವವರ ಮೇಲೆ ಗಮನ ಇಡುವುದು ಹೆಚ್ಚು ಗಿಟ್ಟುವ ದಾರಿ.

ಫೋಟೋಗೆ ಇನ್ನೂ ಎರಡು ಮಿತಿ. ನರದ ತಲೆಯ ಗಾತ್ರ ಒಬ್ಬೊಬ್ಬರದು ಒಂದೊಂದು ಥರ. ದೊಡ್ಡ ತಲೆಯಲ್ಲಿ ಕಪ್, ಅಂದರೆ ನಡುವಿನ ಗುಳಿ, ತಲೆಯ ಅಗಲದ 0.7 ಪಾಲು ಇದ್ದರೂ ಸಹಜವಿರಬಹುದು, ಚಿಕ್ಕದರಲ್ಲಿ 0.5 ಕೂಡ ಕಾಯಿಲೆಯಾಗಿರಬಹುದು. ಎರಡನೆಯದು, ಕಣ್ಣಿನ ನೀರು ಹೊರಹೋಗುವ ಮೂಲೆ, ಅಂದರೆ ಆ್ಯಂಗಲ್, ಈ ಫೋಟೋದಲ್ಲಿ ಕಾಣುವುದೇ ಇಲ್ಲ. ಮೂಲೆ ಮುಚ್ಚುವ ಗ್ಲಾಕೋಮಾ ಭಾರತದಲ್ಲಿ ಕಡಿಮೆಯೇನಿಲ್ಲ, ಅದಕ್ಕೆ ಚಿಕಿತ್ಸೆಯೂ ಬೇರೆ. ಕನ್ನಡಿ ಇರುವ ಲೆನ್ಸ್ ಕಣ್ಣಿಗೆ ಮುಟ್ಟಿಸಿ ನೋಡುವ ಗೋನಿಯೋಸ್ಕೋಪಿ ಮಾತ್ರ ಅದನ್ನು ಸರಿಯಾಗಿ ಹೇಳುತ್ತದೆ. ಎರಡು ನಿಮಿಷದ ಈ ಪರೀಕ್ಷೆ ಬಿಟ್ಟುಹೋಗುವಷ್ಟು ಬೇರೆ ಯಾವುದೂ ಬಿಟ್ಟುಹೋಗುವುದಿಲ್ಲ. ನಿಮ್ಮ ಫೈಲಿನಲ್ಲಿ ಆ ಪದವೇ ಇಲ್ಲದಿದ್ದರೆ ಕೇಳಿ.

ಹನಿ ಕಣ್ಣಿಗೆ ಬಿತ್ತೇ?

1986ರಲ್ಲಿ ಅಮೆರಿಕದಲ್ಲಿ ಪ್ರೆಷರ್ ಇಳಿಸುವ ಪೈಲೋಕಾರ್ಪಿನ್ ಹನಿಯ ಬಾಟಲಿಯೊಳಗೆ ಗೊತ್ತಾಗದಂತೆ ಎಲೆಕ್ಟ್ರಾನಿಕ್ ಲೆಕ್ಕಿಗ ಇಟ್ಟು ನೋಡಿದರು. ಪೇಶಂಟುಗಳು ತಾವು 97 ಶೇಕಡ ಹನಿ ಹಾಕಿಕೊಂಡಿದ್ದೇವೆ ಎಂದರು, ಲೆಕ್ಕಿಗ ಹೇಳಿದ್ದು 76. ಡಾಕ್ಟರ ಬಳಿ ಹೋಗುವ ಹಿಂದಿನ ದಿನ ಮಾತ್ರ ಎಲ್ಲರೂ ಶ್ರದ್ಧಾವಂತರು. ಹಾಗಾಗಿ ಓಪಿಡಿಯಲ್ಲಿ ಪ್ರೆಷರ್ ಚೆನ್ನಾಗಿಯೇ ಕಾಣುತ್ತದೆ. ಈಗಿನ ಸ್ಮಾರ್ಟ್ ಮುಚ್ಚಳಗಳೂ ಮುಚ್ಚಳ ತೆರೆದದ್ದನ್ನೋ ಬಾಟಲಿ ಬಗ್ಗಿಸಿದ್ದನ್ನೋ ಎಣಿಸುತ್ತವೆಯೇ ಹೊರತು ಹನಿ ಕಣ್ಣಿಗೆ ಬಿತ್ತೋ ಕೆನ್ನೆಗೆ ಬಿತ್ತೋ ಅವಕ್ಕೆ ಗೊತ್ತಿಲ್ಲ.

ಅದಕ್ಕಿಂತ ಒಳ್ಳೆಯದು 30 ಸೆಕೆಂಡಿನ ವಿಡಿಯೋ. ಹನಿ ಹಾಕಿಕೊಳ್ಳುವಾಗ ಮಗಳೋ ಮೊಮ್ಮಗನೋ ಪಕ್ಕದಿಂದ ಚಿತ್ರಿಸಿ ಮುಂದಿನ ಸಲ ತೋರಿಸಿದರೆ, ಬಾಟಲಿಯ ಮೂತಿ ರೆಪ್ಪೆಗೆ ತಾಗುವುದು, ಮೂರು ಹನಿ ಸುರಿದು ಎರಡು ಕೆನ್ನೆಗೆ ಇಳಿಯುವುದು, ಕೂಡಲೇ ಸೆರಗಿನಿಂದ ಒರೆಸಿಕೊಳ್ಳುವುದು ಎಲ್ಲ ಕಾಣುತ್ತದೆ. ಸರಿಯಾದ ಕ್ರಮ: ತಲೆ ಹಿಂದಕ್ಕೆ, ಕೆಳ ರೆಪ್ಪೆ ಕೆಳಗೆಳೆದು ಜೋಳಿಗೆ ಮಾಡಿ, ಒಂದೇ ಹನಿ, ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯುವುದು. ಹಾಗೆ ಒತ್ತದಿದ್ದರೆ ಔಷಧ ಮೂಗಿನ ಮೂಲಕ ರಕ್ತ ಸೇರುತ್ತದೆ. ಟೈಮೊಲಾಲ್ ಎಂಬ ಹನಿಯಾದರೆ ನಾಡಿ ನಿಧಾನವಾಗಬಹುದು, ಅಸ್ತಮಾ ಇರುವವರಿಗೆ ಉಸಿರೇ ಕಟ್ಟಬಹುದು. ಎರಡು ಔಷಧವಿದ್ದರೆ ನಡುವೆ 5 ನಿಮಿಷ ಬಿಡಬೇಕು. ಫೋನಿನಲ್ಲಿ ಎರಡು ಅಲಾರಂ ಇಟ್ಟು, ಪ್ರತಿಯೊಂದಕ್ಕೂ ಔಷಧದ ಹೆಸರು ಮತ್ತು ಯಾವ ಕಣ್ಣು ಎಂದು ಬರೆದಿಡಿ.

ಪ್ರೆಷರ್ ಇಳಿಸುವ ಲಟಾನೊಪ್ರೊಸ್ಟ್ ಹನಿಯ 2.5 ಮಿಲೀ ಬಾಟಲಿಯಲ್ಲಿ ಸುಮಾರು 80 ಹನಿ ಇರುತ್ತದೆ. ರಾತ್ರಿಗೊಂದರಂತೆ ಎರಡು ಕಣ್ಣಿಗೆ 40 ದಿನ ಬರಬೇಕು. 20 ದಿನಕ್ಕೇ ಖಾಲಿಯಾದರೆ ಅರ್ಧ ಕೆನ್ನೆಯ ಪಾಲು. ಮೂರು ತಿಂಗಳಾದರೂ ಮುಗಿಯದಿದ್ದರೆ ಸರಿಯಾಗಿ ಹಾಕುತ್ತಿಲ್ಲ. ಅಂಗಡಿಯ ಬಿಲ್ಲುಗಳ ತಾರೀಕೇ ಸಾಕು, ಬೇರೆ ಸೆನ್ಸರ್ ಬೇಡ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ತೆರೆದ ಮೇಲೆ 25 ಡಿಗ್ರಿಯೊಳಗೆ ಆರು ವಾರ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ತೆರೆದದ್ದನ್ನೂ ಫ್ರಿಜ್ಜಿನಲ್ಲೇ ಇಡಬೇಕು, ಬ್ಯಾಗಿನಲ್ಲಿಟ್ಟು ಬಸ್ಸಿನಲ್ಲಿ ಸುತ್ತಾಡಿಸಬಾರದು. ಇದರಿಂದ ಇನ್ನೊಂದು ಲಾಭವಿದೆ. ತಣ್ಣಗಿನ ಹನಿ ಕಣ್ಣಿಗೆ ಬಿದ್ದದ್ದು ಸ್ಪರ್ಶಕ್ಕೇ ಗೊತ್ತಾಗುತ್ತದೆ.

ಹನಿಯೇ ಬೇಡವಾಗುವ ದಾರಿಯೂ ಇದೆ. ಮೂಲೆ ತೆರೆದಿರುವ ಗ್ಲಾಕೋಮಾಗೆ ಎಸ್ಎಲ್‌ಟಿ ಲೇಸರ್: 532 ನ್ಯಾನೋಮೀಟರ್ ಹಸಿರು ಬೆಳಕು, 400 ಮೈಕ್ರಾನ್ ಚುಕ್ಕೆ, ಸುತ್ತಲೂ ಸುಮಾರು 100 ಹೊಡೆತ, ಹತ್ತು ನಿಮಿಷ, ಅದೇ ದಿನ ಮನೆಗೆ. ಬ್ರಿಟನ್ನಿನ ಲೈಟ್ ಅಧ್ಯಯನದಲ್ಲಿ (2019, 718 ಮಂದಿ) ಮೊದಲಿಗೇ ಲೇಸರ್ ಮಾಡಿಸಿಕೊಂಡವರಲ್ಲಿ 74 ಶೇಕಡ ಮಂದಿ ಮೂರು ವರ್ಷದ ಬಳಿಕವೂ ಹನಿಯಿಲ್ಲದೆ ಗುರಿಯೊಳಗಿದ್ದರು. ಪರಿಣಾಮ ಕೆಲವು ವರ್ಷಕ್ಕೆ ಕರಗುತ್ತದೆ, ಮತ್ತೆ ಮಾಡಬಹುದು. ಲೇಸರ್ ಆಯಿತು, ಇನ್ನು ತಪಾಸಣೆ ಬೇಡ ಎಂದುಕೊಂಡು ಕಾಣೆಯಾಗುವವರೇ ಇಲ್ಲಿಯ ತಲೆನೋವು.

ಒಂದೇ ಹಾಳೆ, ಒಂದು ಮೆಸೇಜು

ಇವೆಲ್ಲ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ತಾರೀಕು, ಗಂಟೆ, ಬಲ ಮತ್ತು ಎಡ ಪ್ರೆಷರ್, ಯಾವ ಯಂತ್ರ, ಆಗ ಹಾಕುತ್ತಿದ್ದ ಔಷಧ, ಫೀಲ್ಡಿನ ಎಂಡಿ (ನೋಟದ ಸರಾಸರಿ ನಷ್ಟ), ಓಸಿಟಿಯ ಸರಾಸರಿ. ಮೇಲ್ಭಾಗದಲ್ಲಿ ಕಾರ್ನಿಯಾ ದಪ್ಪ, ಗೋನಿಯೋಸ್ಕೋಪಿ ಆದ ದಿನ, ಗುರಿ ಪ್ರೆಷರ್. ಸ್ಟೀರಾಯ್ಡ್‌ಗೆ ಬೇರೆಯೇ ಒಂದು ಸಾಲಿರಲಿ. ಕಣ್ಣು ತುರಿಕೆಗೆಂದು ಅಂಗಡಿಯಿಂದ ತಂದು ಮಕ್ಕಳಿಗೆ ತಿಂಗಳುಗಟ್ಟಲೆ ಹಾಕಿದ ಸ್ಟೀರಾಯ್ಡ್ ಹನಿ ಪ್ರೆಷರ್ ಏರಿಸಿ ನರವನ್ನೇ ತಿಂದಿರುವುದುಂಟು. ಮುಲಾಮು, ಇನ್‌ಹೇಲರ್, ಮಾತ್ರೆ ಯಾವ ರೂಪದಲ್ಲಿದ್ದರೂ ಬರೆಯಿರಿ. ರಿಪೋರ್ಟುಗಳ ಪಿಡಿಎಫ್ ಕೇಳಿ ಪಡೆಯಿರಿ, ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ) ಖಾತೆಯಿದ್ದರೆ ಅದಕ್ಕೆ ಸೇರಿಸಿಸಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಹೋದರೆ ಕುಗ್ಗಿಹೋಗಿ, ಫೀಲ್ಡಿನ ಸಣ್ಣ ಅಂಕಿಗಳು ಓದಲು ಬರುವುದಿಲ್ಲ.

ಮನೆಯ ಗ್ರೂಪಿಗೂ ಒಂದು ಮೆಸೇಜು ಹೋಗಬೇಕು. 1998ರಲ್ಲಿ ಪ್ರಕಟವಾದ ರಾಟರ್‌ಡ್ಯಾಂ ಅಧ್ಯಯನದಲ್ಲಿ ಗ್ಲಾಕೋಮಾ ಇದ್ದವರ ಒಡಹುಟ್ಟಿದವರಿಗೆ ಮತ್ತು ಮಕ್ಕಳಿಗೆ ಜೀವಿತಾವಧಿಯಲ್ಲಿ ಅದು ಬರುವ ಸಂಭವ 22 ಶೇಕಡ ಇತ್ತು, ಕಾಯಿಲೆ ಇಲ್ಲದವರ ಒಡಹುಟ್ಟಿದವರಿಗೆ ಮತ್ತು ಮಕ್ಕಳಿಗೆ 2.3. ಹೀಗೆ ಬರೆದರೆ ಸಾಕು:

"ಅಕ್ಕಾ, ನನ್ನ ಕಣ್ಣಿಗೆ ಗ್ಲಾಕೋಮಾ ಇದೆ ಅಂತ ಗೊತ್ತಾಗಿದೆ. ನೋವೇನೂ ಇರಲಿಲ್ಲ, ಕನ್ನಡಕ ಬದಲಿಸೋಕೆ ಹೋದಾಗ ಸಿಕ್ಕಿದ್ದು. ಒಡಹುಟ್ಟಿದವರಿಗೂ ಬರೋ ಸಾಧ್ಯತೆ ಜಾಸ್ತಿ ಅಂತೆ. ನೀನೂ ತಮ್ಮನೂ ಈ ತಿಂಗಳೇ ತೋರಿಸ್ಕೊಳ್ಳಿ. ಬರೀ ನಂಬರ್ ನೋಡಿಸ್ಕೊಂಡು ಬರಬೇಡಿ. ಪ್ರೆಷರ್, ಆ್ಯಂಗಲ್, ಕಣ್ಣಿನ ನರ ಮೂರೂ ನೋಡಿ ಅಂತ ಕೇಳಿ. ನನ್ನ ಹಾಳೆ ಕೆಳಗೆ ಹಾಕಿದೀನಿ, ಡಾಕ್ಟರಿಗೆ ಅದನ್ನೂ ತೋರಿಸಿ."